ಚಿಗುರಿನ ದಿನಚರಿ

ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಜಮೀನುದಾರ ರಾಬರ್ಟ್ ಮಾರ್ಷಮ್‌ಗೆ ಮರಗಳೆಂದರೆ ಹುಚ್ಚು. 1736ರಿಂದ ಆತ ತನ್ನ ಎಸ್ಟೇಟಿನಲ್ಲಿ ವಸಂತದ ಸುಳಿವುಗಳನ್ನು ತಾರೀಖು ಸಮೇತ ಬರೆದಿಡತೊಡಗಿದ. ಸ್ನೋಡ್ರಾಪ್ ಹೂ ಅರಳಿದ್ದು, ಕಪ್ಪೆ ವಟಗುಟ್ಟಿದ್ದು, ಕುಕೂ ಹಕ್ಕಿ (ನಮ್ಮ ಕೋಗಿಲೆಯ ನೆಂಟ) ಮೊದಲು ಕೂಗಿದ್ದು, ಓಕ್ ಮರ ಚಿಗುರಿದ್ದು... ಹೀಗೆ ಒಟ್ಟು 27 ಗುರುತುಗಳು!

1797ರಲ್ಲಿ ಆತ ತೀರಿಕೊಂಡ. ನಡುವೆ ಕೆಲವು ವರ್ಷ ತಪ್ಪಿದರೂ ಅವನ ವಂಶದವರು ತಲೆಮಾರಿನಿಂದ ತಲೆಮಾರಿಗೆ 1958ರವರೆಗೆ ಈ ಲೆಕ್ಕ ಮುಂದುವರಿಸಿದರು. ಇದಕ್ಕೆ ಸಂಬಳವಿಲ್ಲ, ಪರೀಕ್ಷೆಯಲ್ಲಿ ಅಂಕವೂ ಇಲ್ಲ. ಮನೆಯ ಹಿರಿಯರು ಬರೆಯುತ್ತಿದ್ದರು, ಕಿರಿಯರೂ ಬರೆದರು, ಅಷ್ಟೆ.

1995ರಲ್ಲಿ ವಿಜ್ಞಾನಿಗಳು ಈ ದಾಖಲೆಯನ್ನು ಹವಾಮಾನದ ಅಂಕಿಗಳೊಂದಿಗೆ ತಾಳೆ ನೋಡಿದರು. ಬೆಚ್ಚಗಿನ ವರ್ಷಗಳಲ್ಲಿ ಮರಗಳು ಬೇಗ ಚಿಗುರಿದ್ದವು. ಭೂಮಿ ಬಿಸಿಯಾದರೆ ಗಿಡಮರ ಏನು ಮಾಡೀತು ಎಂದು ಕೇಳುವವರಿಗೆ, ಥರ್ಮಾಮೀಟರೇ ಅಪರೂಪವಾಗಿದ್ದ ಕಾಲದ ಆ ಪುಟಗಳು ಉತ್ತರ ಕೊಡುತ್ತಿವೆ.