‘ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇದೆ’

ಜಾವಾ ಪ್ರೋಗ್ರಾಮು ಬರೆಯುವವರಿಂದ ಪದೇ ಪದೇ ಕೇಳಿಬರುವ ಸಮಜಾಯಿಷಿ ಒಂದಿದೆ: ‘ನನ್ನ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಇದೆ.’ ಪುಣೆಯ ಹಿಂಜೆವಾಡಿಯಲ್ಲಾಗಲಿ, ಹೈದರಾಬಾದಿನ ಹೈಟೆಕ್ ಸಿಟಿಯಲ್ಲಾಗಲಿ, ಚೆನ್ನೈನ ಓಎಂಆರ್ ರಸ್ತೆಯಲ್ಲಾಗಲಿ, ಸಪೋರ್ಟ್ ತಂಡದ ರಾತ್ರಿ ಪಾಳಿಯಲ್ಲಿ ಕೂತವರಿಗೆ ಈ ಮಾತು ಬಾಯಿಪಾಠ. ಸರ್ವರಿನಲ್ಲಿ ಅಪ್ಲಿಕೇಶನ್ ಏಳುತ್ತಿಲ್ಲ, ಗ್ರಾಹಕರ ಫೋನು ನಿಲ್ಲುತ್ತಿಲ್ಲ. ಬರೆದವರನ್ನು ಎಬ್ಬಿಸಿ ಕೇಳಿದರೆ ಈ ಒಂದು ವಾಕ್ಯ ಬರುತ್ತದೆ, ಕರೆ ಅಲ್ಲಿಗೆ ಮುಗಿಯುತ್ತದೆ.

ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ. ಗಾದೆಯ ಆಕೆಯ ಪರವಾಗಿಯಾದರೂ ಒಂದು ಮಾತು ಹೇಳಬಹುದು: ಅಂಗಳ ಹೇಗಿರಬೇಕೆಂದು ಮೊದಲೇ ತಿಳಿಸುವ ಹೊಣೆ ಅವಳದಾಗಿರಲಿಲ್ಲ. ಪ್ರೋಗ್ರಾಮು ಬರೆದವರಿಗೆ ಆ ವಿನಾಯಿತಿಯೂ ಇಲ್ಲ. ಅದು ನಡೆಯಲು ಎಂಥ ಅಂಗಳ ಬೇಕು ಎಂಬುದು ಅವರಿಗಲ್ಲದೆ ಇನ್ಯಾರಿಗೂ ಗೊತ್ತಿರಲು ಸಾಧ್ಯವಿಲ್ಲ. ಗೊತ್ತಿದ್ದೂ ಬರೆದಿಡದೆ, ಗೊತ್ತಿಲ್ಲದಿದ್ದರೆ ತಿಳಿದುಕೊಳ್ಳುವ ಗೋಜಿಗೂ ಹೋಗದೆ, ಕೊನೆಗೆ ಸರ್ವರನ್ನು ದೂರುವುದು ಈ ಉದ್ಯೋಗದಲ್ಲಿ ಸಭ್ಯತೆಯ ಮಾತೇ ಆಗಿಹೋಗಿದೆ. ಅದು ನಿಲ್ಲಬೇಕು. ಪ್ರೋಗ್ರಾಮು ತಾನು ಓಡುವ ಜಾಗದ ಬಗ್ಗೆ ಇಟ್ಟುಕೊಂಡ, ಆದರೆ ಎಲ್ಲಿಯೂ ಹೇಳದ ಪ್ರತಿಯೊಂದು ನಿರೀಕ್ಷೆಯೂ ಆ ಪ್ರೋಗ್ರಾಮಿನದೇ ದೋಷ. ಅದು ಬರೆದವರ ಲೆಕ್ಕಕ್ಕೇ ಹೋಗಬೇಕು.

ಈ ಸಮಜಾಯಿಷಿಗೆ ಬಲ ಬಂದದ್ದು ಒಂದು ಹಳೆಯ ಭರವಸೆಯಿಂದ. 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಹೊರತಂದಾಗ, ಒಮ್ಮೆ ಬರೆದರೆ ಸಾಕು, ಎಲ್ಲಿ ಬೇಕಾದರೂ ಓಡುತ್ತದೆ ಎಂಬುದೇ ಅದರ ಘೋಷಣೆಯಾಗಿತ್ತು. ಘೋಷಣೆ ಸುಳ್ಳಲ್ಲ. ಒಂದೇ ಬೈಟ್‌ಕೋಡ್ ವಿಂಡೋಸಿನಲ್ಲೂ ಲಿನಕ್ಸಿನಲ್ಲೂ ಓಡುತ್ತದೆ, ಅದು ದೊಡ್ಡ ಸಾಧನೆಯೇ. ಆದರೆ ಆ ಭರವಸೆ ಬೈಟ್‌ಕೋಡಿಗೆ ಮಾತ್ರ. ಯಾವ ಜಾರ್ ಫೈಲು ಎಲ್ಲಿದೆ, ಸರ್ವರಿನ ಗಡಿಯಾರ ಯಾವ ದೇಶದ್ದು, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಬರೆಯಬೇಕು, ಎಷ್ಟು ಮೆಮೊರಿ ಸಿಗುತ್ತದೆ ಎಂಬ ವಿಷಯಗಳಲ್ಲಿ ಜಾವಾ ಯಾವ ಮಾತನ್ನೂ ಕೊಟ್ಟಿಲ್ಲ. ಯಾರೂ ಹೇಳದಿದ್ದರೆ ಅದು ಇವನ್ನೆಲ್ಲ ತಾನಿರುವ ಯಂತ್ರವನ್ನೇ ಕೇಳಿ ತಿಳಿದುಕೊಳ್ಳುತ್ತದೆ. ಲ್ಯಾಪ್‌ಟಾಪ್ ಒಂದು ಉತ್ತರ ಕೊಡುತ್ತದೆ, ಸರ್ವರ್ ಇನ್ನೊಂದು.

ಕನ್ನಡಿಗರಿಗೆ ನಾಟುವ ಉದಾಹರಣೆ ಅಕ್ಷರದ್ದು. ಜಾವಾ 17ರ ತನಕ, ಅಕ್ಷರ ಸಂಕೇತ ಯಾವುದೆಂದು ಪ್ರೋಗ್ರಾಮು ಸ್ಪಷ್ಟವಾಗಿ ಹೇಳದಿದ್ದರೆ, ಜಾವಾ ಆಪರೇಟಿಂಗ್ ಸಿಸ್ಟಮಿನ ಲೊಕೇಲನ್ನು ನೋಡಿ ನಿರ್ಧರಿಸುತ್ತಿತ್ತು. ಬರೆಯುವವರ ಮ್ಯಾಕ್‌ಬುಕ್ಕಿನಲ್ಲಿ ಅದು ಯುಟಿಎಫ್-8. ಲೊಕೇಲ್ ಹೊಂದಿಸದ ಲಿನಕ್ಸ್ ಸರ್ವರಿನಲ್ಲಿ ಅದು ಬರಿಯ ಆಸ್ಕಿ. ಆಸ್ಕಿಯಲ್ಲಿ ಕನ್ನಡ ಅಕ್ಷರಗಳಿಲ್ಲ, ಆದ್ದರಿಂದ ಬರೆಯಲಾಗದ ಪ್ರತಿ ಸಂಕೇತದ ಜಾಗದಲ್ಲೂ ಜಾವಾ ಒಂದು ಪ್ರಶ್ನಾರ್ಥಕ ಚಿಹ್ನೆ ಇಡುತ್ತದೆ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರಕ್ಷರ, ಯೂನಿಕೋಡಿನಲ್ಲಿ ಐದು ಸಂಕೇತ. ಫೈಲಿನಲ್ಲಿ ಉಳಿಯುವುದು ಐದು ಪ್ರಶ್ನಾರ್ಥಕಗಳು. ಎರರ್ ಬರುವುದಿಲ್ಲ, ಲಾಗಿನಲ್ಲಿ ಒಂದು ಸಾಲೂ ಇರುವುದಿಲ್ಲ. ಅಳಿದ ಹೆಸರನ್ನು ಆ ಫೈಲಿನಿಂದ ಮತ್ತೆ ಪಡೆಯುವ ದಾರಿಯೂ ಇಲ್ಲ. 2022ರ ಮಾರ್ಚಿನಲ್ಲಿ ಬಂದ ಜಾವಾ 18 ಯುಟಿಎಫ್-8 ಅನ್ನೇ ಡೀಫಾಲ್ಟ್ ಮಾಡಿತು. ಆದರೆ 8, 11, 17ರ ಮೇಲೆ ನಿಂತ ಅಪ್ಲಿಕೇಶನ್‌ಗಳಿಗೆ ಆ ಬದಲಾವಣೆ ತಾನಾಗಿ ದಕ್ಕುವುದಿಲ್ಲ.

ಇದರಲ್ಲಿ ಇನ್ನೊಂದು ಸುಳಿ ಇದೆ. ಸರ್ವರಿಗೆ ಲಾಗಿನ್ ಆಗಿ ಕೈಯಾರೆ ಚಾಲೂ ಮಾಡಿದರೆ ಲಾಗಿನ್ ಮಾಡಿದವರ ಲೊಕೇಲ್ ಜೊತೆಗೆ ಬರುತ್ತದೆ, ಕನ್ನಡ ಸರಿಯಾಗಿ ಕಾಣುತ್ತದೆ. ಅದೇ ಪ್ರೋಗ್ರಾಮನ್ನು ಕ್ರಾನ್ ನಡುರಾತ್ರಿ ಚಾಲೂ ಮಾಡಿದರೆ ಆ ಲೊಕೇಲ್ ಇರದೆ ಹೋಗಬಹುದು. ಆಗ ‘ಹಗಲು ಸರಿ ಇತ್ತು, ರಾತ್ರಿ ಪಾಳಿಯವರು ಏನೋ ಮುಟ್ಟಿದ್ದಾರೆ’ ಎಂಬ ತೀರ್ಪು ಹೊರಡುತ್ತದೆ. ರಾತ್ರಿ ಪಾಳಿಯವರು ಏನನ್ನೂ ಮುಟ್ಟಿರುವುದಿಲ್ಲ.

ಕಾಲದ ಕಥೆಯೂ ಹೀಗೆಯೇ. ಕಂಟೇನರುಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿ, ಭಾರತ ಅದಕ್ಕಿಂತ ಐದೂವರೆ ಗಂಟೆ ಮುಂದೆ. ರಾತ್ರಿ ಹನ್ನೆರಡಕ್ಕೆಂದು ಹೊಂದಿಸಿದ ಕೆಲಸ ಬೆಳಗಿನ ಐದೂವರೆಗೆ ಓಡುತ್ತದೆ. ಆ ನಡುವೆ ಪ್ರೋಗ್ರಾಮು ‘ಇವತ್ತಿನ ತಾರೀಖು ಏನು’ ಎಂದು ಕೇಳಿದರೆ ನಿನ್ನೆಯ ತಾರೀಖು ಸಿಗುತ್ತದೆ. ತಿಂಗಳ ಒಂದನೇ ತಾರೀಖಿನ ಬೆಳಗಿನ ಜಾವ ಮಾಡಿದ ಬಿಲ್ಲು ಹಿಂದಿನ ತಿಂಗಳಿಗೆ ಸೇರುತ್ತದೆ. ಹಗಲು ಹತ್ತು ಗಂಟೆಗೆ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡುವವರಿಗೆ ಇದು ಎಂದೂ ಕಾಣುವುದಿಲ್ಲ.

ಇನ್ನು ಫೈಲುಗಳು. ಐಡಿಇ ಒಳಗೆ ಪ್ರೋಗ್ರಾಮು ಸಾಮಾನ್ಯವಾಗಿ ಪ್ರಾಜೆಕ್ಟಿನ ಫೋಲ್ಡರಿನಲ್ಲಿ ನಿಂತು ಓಡುತ್ತದೆ, ಆದ್ದರಿಂದ ಸೋರ್ಸ್ ಫೋಲ್ಡರಿನ ದಾರಿ ಹಿಡಿದು ಪ್ರಾಪರ್ಟೀಸ್ ಫೈಲು ತೆರೆದರೆ ಸಿಗುತ್ತದೆ. ಜಾರ್ ಒಳಗೆ ಸೇರಿದ ಮೇಲೆ ಆ ದಾರಿಯೇ ಇಲ್ಲ. ವಿಂಡೋಸಿಗೆ ಫೈಲಿನ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಸಾಮಾನ್ಯವಾಗಿ ಒಂದೇ. ಲಿನಕ್ಸಿಗೆ ಅವು ಬೇರೆ ಬೇರೆ ಫೈಲುಗಳು.

ಜಾವಾ ಇಲ್ಲಿ ಮೂಕವಾಗಿಯೂ ಇರುವುದಿಲ್ಲ. ಎಷ್ಟೋ ಸಲ ಬಿಡಿಸಿ ಹೇಳುತ್ತದೆ, ಓದುವವರಿಲ್ಲ ಅಷ್ಟೇ. ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್’ ಎಂಬ ಎರರಿನಲ್ಲಿ 61 ಮತ್ತು 55 ಎಂಬ ಎರಡು ಅಂಕಿಗಳಿದ್ದರೆ, ಎರಡರಿಂದಲೂ 44 ಕಳೆದರೆ ಸಾಕು: ಕಂಪೈಲ್ ಮಾಡಿದ್ದು ಜಾವಾ 17ರಲ್ಲಿ, ಸರ್ವರಿನಲ್ಲಿ ಓಡುತ್ತಿರುವುದು ಜಾವಾ 11. ‘ಕ್ಲಾಸ್ ನಾಟ್ ಫೌಂಡ್’ ಎಂದರೆ ಹೆಸರು ಹಿಡಿದು ಕೇಳಿದ ಕ್ಲಾಸು ಸಿಗಲಿಲ್ಲ ಎಂದು. ಕಾನ್ಫಿಗರೇಶನ್ನಿನಲ್ಲಿ ಬರೆದ ಡೇಟಾಬೇಸ್ ಡ್ರೈವರಿನ ಹೆಸರು ಹಲವು ಸಲ ಅದಕ್ಕೆ ಕಾರಣ. ‘ನೋ ಕ್ಲಾಸ್ ಡೆಫ್ ಫೌಂಡ್’ ಎಂದರೆ ಕಂಪೈಲ್ ಮಾಡುವಾಗ ಇದ್ದದ್ದು ಈಗ ಇಲ್ಲ ಎಂದು, ಅಥವಾ ಕ್ಲಾಸು ಇದೆ, ಆದರೆ ಮೊದಲ ಸಲ ಸಿದ್ಧವಾಗುವಾಗಲೇ ಮುರಿದುಬಿತ್ತು ಎಂದು. ಎರಡನೆಯದಾದರೆ ನಿಜವಾದ ಕಾರಣ ಲಾಗಿನಲ್ಲಿ ಗಂಟೆಗಳ ಹಿಂದೆಯೇ ಬಿದ್ದಿರುತ್ತದೆ. ಕೊನೆಯ ಹತ್ತು ಸಾಲಿನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ಇಲ್ಲದ ಜಾರ್ ಫೈಲನ್ನು ಇಡೀ ರಾತ್ರಿ ಹುಡುಕುವುದು ಹುಡುಕಾಟವಲ್ಲ, ಕಾಲಹರಣ.

ಇಷ್ಟರಲ್ಲಿ ಯಾವುದೂ ಸರ್ವರಿನ ತಪ್ಪಲ್ಲ. ಸರ್ವರು ತಾನಿದ್ದ ಹಾಗೆ ಇದೆ. ಆದರೂ ಬೆಳಿಗ್ಗೆ ತಯಾರಾಗುವ ವರದಿಯಲ್ಲಿ ಕಾರಣದ ಕಾಲಮಿನಲ್ಲಿ ‘ಕಾನ್ಫಿಗರೇಶನ್ ದೋಷ’ ಎಂದೋ ‘ಡಿಪ್ಲಾಯ್‌ಮೆಂಟ್ ತಂಡದ ಮಾನವ ದೋಷ’ ಎಂದೋ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಈ ಬರೆಗೆ ಲೆಕ್ಕವೂ ಇದೆ: ಸಂಬಳದಲ್ಲಿ, ಬಡ್ತಿಯಲ್ಲಿ, ವರ್ಷದ ಕೊನೆಯ ರೇಟಿಂಗಿನಲ್ಲಿ. ಸಪೋರ್ಟಿಗೆ ಬರುವವರಲ್ಲಿ ಬಹಳ ಮಂದಿ ಹೊಸಬರು, ಗುತ್ತಿಗೆಯವರು, ಊರು ಬಿಟ್ಟು ಪರಭಾಷೆಯ ನಗರದಲ್ಲಿ ಪೇಯಿಂಗ್ ಗೆಸ್ಟ್ ಆಗಿ ಇರುವವರು. ಸೋರ್ಸ್ ಕೋಡ್ ನೋಡುವ ಅಧಿಕಾರವೂ ಇಲ್ಲದವರನ್ನು ಅದರ ಫಲಿತಾಂಶಕ್ಕೆ ಹೊಣೆ ಮಾಡುವುದು ನ್ಯಾಯವಲ್ಲ.

ಒಬ್ಬರ ತಲೆಗೆ ಕಟ್ಟುವ ಈ ಚಾಳಿಯ ಬೆಲೆ ಎಷ್ಟು ದೊಡ್ಡದಾಗಬಹುದು ಎಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯಾಪಾರದ ಕಂಪನಿಯ ಪ್ರಕರಣ ನೋಡಬೇಕು. ಅಲ್ಲಿ ಪ್ರೋಗ್ರಾಮಿನ ಭಾಷೆ ಯಾವುದೆಂಬುದು ಮುಖ್ಯವಲ್ಲ, ಬೇನೆ ಇದೇ. 2012ರ ಆಗಸ್ಟ್ 1ರ ವಹಿವಾಟಿಗೆಂದು ಎಂಟು ಸರ್ವರುಗಳಿಗೆ ಹೊಸ ಕೋಡ್ ಹಾಕಬೇಕಿತ್ತು. ಏಳಕ್ಕೆ ಹೋಯಿತು, ಒಂದು ಉಳಿಯಿತು. 2003ರಿಂದ ಬಳಸದೆ ಬಿಟ್ಟಿದ್ದ ಹಳೆಯ ಕೋಡ್ ಅದರಲ್ಲಿ ಹಾಗೆಯೇ ಇತ್ತು. ಆ ಹಳೆಯ ಕೋಡನ್ನು ಎಬ್ಬಿಸುತ್ತಿದ್ದ ಫ್ಲ್ಯಾಗನ್ನೇ ಹೊಸ ಕೋಡಿಗೂ ಬಳಸಲಾಗಿತ್ತು. ಮಾರುಕಟ್ಟೆ ತೆರೆಯಿತು. ಸುಮಾರು 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆದು 46 ಕೋಟಿ ಡಾಲರಿಗೂ ಮೀರಿದ ನಷ್ಟವಾಯಿತು. ಮಾರುಕಟ್ಟೆ ತೆರೆಯುವ ಮೊದಲೇ ಕಂಪನಿಯ ವ್ಯವಸ್ಥೆ ದೋಷ ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ.

ರಿಪೇರಿಯ ಭಾಗ ಇನ್ನೂ ಕಹಿ. ತೊಂದರೆ ಹೊಸ ಕೋಡಿನದೇ ಇರಬೇಕೆಂದುಕೊಂಡು ಸರಿಯಾಗಿದ್ದ ಏಳೂ ಸರ್ವರುಗಳಿಂದ ಅದನ್ನು ತೆಗೆದುಹಾಕಿದರು. ಆಗ ಆ ಏಳರಲ್ಲೂ ಹಳೆಯ ಕೋಡ್ ಎದ್ದಿತು. ಯಾವ ಸರ್ವರಿನಲ್ಲಿ ಏನು ಓಡುತ್ತಿದೆ ಎಂದು ತಿಳಿಯದೆ ಮಾಡಿದ ಚಿಕಿತ್ಸೆಯೇ ರೋಗವನ್ನು ಹೆಚ್ಚಿಸಿತು. ಒಂದು ಸರ್ವರನ್ನು ಮರೆತವರು ಒಬ್ಬ ತಂತ್ರಜ್ಞ, ನಿಜ. ಆದರೆ 2013ರ ಅಕ್ಟೋಬರಿನಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಹೊರಡಿಸಿದ ಆದೇಶ 1.2 ಕೋಟಿ ಡಾಲರ್ ದಂಡ ಹಾಕಿದ್ದು ಕಂಪನಿಗೆ. ಎರಡನೆಯವರೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ಕ್ರಮವೇ ಅಲ್ಲಿರಲಿಲ್ಲ ಎಂಬುದನ್ನು ಅದು ಎತ್ತಿ ಹೇಳಿತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಗಟ್ಟಿಯಾದದ್ದು. ಬ್ಯಾಂಕಿನಂಥ ಕಡೆ ಕೋಡ್ ಬರೆದವರ ಕೈಗೆ ಪ್ರೊಡಕ್ಷನ್ ಸರ್ವರ್ ಕೊಡುವಂತಿಲ್ಲ, ಪಾಸ್‌ವರ್ಡ್ ತಿಳಿಸುವಂತಿಲ್ಲ. ಹಾಗಿರುವುದೇ ಸರಿ. ಆದರೆ ಬೀಗದ ಕೈ ಬೇರೆ, ಹೊಣೆ ಬೇರೆ. ಡೇಟಾಬೇಸಿನ ಪಾಸ್‌ವರ್ಡ್ ಏನೆಂದು ಬರೆದವರಿಗೆ ತಿಳಿಯಬೇಕಿಲ್ಲ. ಒಂದು ಪಾಸ್‌ವರ್ಡ್ ಬೇಕು, ಅದು ಈ ಹೆಸರಿನಲ್ಲಿ ಬರಬೇಕು, ಬಾರದಿದ್ದರೆ ಅಪ್ಲಿಕೇಶನ್ ಏಳಲೇಬಾರದು ಎಂದು ಬರೆಯಲು ಯಾವ ನಿಯಮವೂ ಅಡ್ಡಿ ಬರುವುದಿಲ್ಲ.

ಎರಡನೆಯ ಆಕ್ಷೇಪ: ‘ಇದೆಲ್ಲ ಹಳೆಯ ಕಾಲದ ಮಾತು, ಡಾಕರ್ ಬಂದ ಮೇಲೆ ಲ್ಯಾಪ್‌ಟಾಪನ್ನೇ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಹಾಗೆ.’ ಕಂಟೇನರ್ ಜಾರ್ ಫೈಲನ್ನೂ ಜಾವಾವನ್ನೂ ಜೊತೆಗೆ ಒಯ್ಯುತ್ತದೆ, ನಿಜವಾಗಿ ಉಪಕಾರಿ. ಡೇಟಾಬೇಸಿನ ವಿಳಾಸ, ಸರ್ಟಿಫಿಕೇಟು, ಪ್ರಾಕ್ಸಿ, ಮೆಮೊರಿಯ ಮಿತಿ ಇವೆಲ್ಲ ಹೊರಗಿನಿಂದಲೇ ಬರಬೇಕು. ಮಿತಿ ಹೇಳದಿದ್ದರೆ ಜಾವಾ ತನಗೆ ಕಾಣುವ ಮೆಮೊರಿಯ ಕಾಲು ಭಾಗವನ್ನು ಹೀಪಿನ ಗರಿಷ್ಠವೆಂದು ಇಟ್ಟುಕೊಳ್ಳುತ್ತದೆ. ಜಾವಾ 8ರ ಹಳೆಯ ಅಪ್‌ಡೇಟುಗಳಿಗೆ ಕಾಣುತ್ತಿದ್ದದ್ದು ಕಂಟೇನರಿನ 2 ಜಿಬಿ ಅಲ್ಲ, ಅದನ್ನು ಹೊತ್ತ ಯಂತ್ರದ 64 ಜಿಬಿ. ಹೀಪು 16 ಜಿಬಿಯತ್ತ ಬೆಳೆಯಹೊರಟರೆ ನಡುದಾರಿಯಲ್ಲೇ ಲಿನಕ್ಸ್ ಅದನ್ನು ಕೊಂದುಹಾಕುತ್ತಿತ್ತು. ಜಾವಾದ ಲಾಗಿನಲ್ಲಿ ಸುಳಿವೇ ಇರುತ್ತಿರಲಿಲ್ಲ, ಹೊರಗೆ 137 ಎಂಬ ಎಕ್ಸಿಟ್ ಕೋಡ್ ಮಾತ್ರ. ಪೆಟ್ಟಿಗೆಯಿಂದ ಅಂಗಳ ಸಮತಟ್ಟಾಗಲಿಲ್ಲ. ಅದರ ಡೊಂಕು ಯಾಮಲ್ ಫೈಲಿಗೆ ಸ್ಥಳಾಂತರವಾಯಿತು.

ಹಾಗಾದರೆ ಏನು ಮಾಡಬೇಕು? ಮದುವೆಯ ಅಡುಗೆ ಒಪ್ಪಿಕೊಳ್ಳುವ ಭಟ್ಟರಿಗೆ ಇದು ಗೊತ್ತು. ಅವರು ಮೊದಲು ಕೊಡುವುದು ಸಾಮಾನಿನ ಪಟ್ಟಿ: ಅಕ್ಕಿ ಎಷ್ಟು, ಬೆಲ್ಲ ಎಷ್ಟು, ಕೊಪ್ಪರಿಗೆ ಎಷ್ಟು, ನೀರು ಎಲ್ಲಿಂದ. ಛತ್ರಕ್ಕೆ ಬಂದ ಮೇಲೆ ಒಲೆ ಹಚ್ಚುವ ಮೊದಲು ಪಟ್ಟಿ ಹಿಡಿದು ಉಗ್ರಾಣ ನೋಡುತ್ತಾರೆ. ಪಂಕ್ತಿ ಕೂತ ಮೇಲೆ ಉಪ್ಪಿಲ್ಲ ಎಂದು ಕೂಗುವುದಿಲ್ಲ. ಮನೆಯಲ್ಲಿ ಮಾಡಿದಾಗ ಸಾರು ಚೆನ್ನಾಗಿಯೇ ಬಂದಿತ್ತು ಎಂದು ಬೀಗರ ಮುಂದೆ ವಾದಿಸುವುದೂ ಇಲ್ಲ.

ಪ್ರೋಗ್ರಾಮಿಗೂ ಅಷ್ಟೇ. ಅದಕ್ಕೆ ಬೇಕಾದ ಪ್ರತಿ ಸೆಟ್ಟಿಂಗಿನ ಪಟ್ಟಿ ಕೋಡಿನ ಜೊತೆಯಲ್ಲೇ ಇರಬೇಕು, ಕೋಡಿನ ಹಾಗೆಯೇ ಇನ್ನೊಬ್ಬರ ಕಣ್ಣಿಗೆ ಬೀಳಬೇಕು. ಏಳುವಾಗಲೇ ಪಟ್ಟಿಯನ್ನು ತಾನೇ ತಾಳೆ ನೋಡಿ, ಒಂದು ಕಡಿಮೆ ಇದ್ದರೂ ಅದರ ಹೆಸರು ಹೇಳಿ ನಿಲ್ಲಬೇಕು. ಸ್ಪ್ರಿಂಗ್ ಬೂಟಿನಂಥ ಚೌಕಟ್ಟುಗಳಲ್ಲಿ ಈ ಸೌಲಭ್ಯ ಸಿದ್ಧವಾಗಿದೆ, ಬಳಸುವ ಮನಸ್ಸು ಬೇಕು. ಅಕ್ಷರ ಸಂಕೇತ, ಕಾಲವಲಯ, ಹೀಪಿನ ಮಿತಿ ಇವನ್ನು ಯಂತ್ರದ ಮರ್ಜಿಗೆ ಬಿಡದೆ ಸ್ಪಷ್ಟವಾಗಿ ಬರೆಯಬೇಕು. ಯಾವ ಜಾವಾ, ಯಾವ ಫೋಲ್ಡರು, ಯಾವ ಬಳಕೆದಾರ, ಯಾವ ಸೆಟ್ಟಿಂಗು ಎಲ್ಲಿಂದ ಬಂತು ಎಂಬುದನ್ನು ಗುಟ್ಟುಗಳನ್ನು ಮರೆಮಾಚಿ ಲಾಗಿನ ಮೊದಲ ಸಾಲುಗಳಲ್ಲೇ ಹೇಳಬೇಕು. ಪರೀಕ್ಷೆ ಮಾಡಿದ ಜಾರ್ ಫೈಲೇ ಪ್ರೊಡಕ್ಷನ್ನಿಗೂ ಹೋಗಬೇಕು, ಮತ್ತೆ ಕಟ್ಟಿದ್ದಲ್ಲ. ಬಿಡುಗಡೆಯ ರಾತ್ರಿ ಬರೆದವರೂ ಎಚ್ಚರವಿರಬೇಕು.

ಇದಾವುದಕ್ಕೂ ಹೊಸ ತಂತ್ರಜ್ಞಾನ ಬೇಕಿಲ್ಲ, ದೊಡ್ಡ ದುಡ್ಡೂ ಬೇಕಿಲ್ಲ. ಬೇಕಿರುವುದು ವರದಿಯ ಆ ಒಂದು ಕಾಲಮನ್ನು ಪ್ರಾಮಾಣಿಕವಾಗಿ ತುಂಬುವ ಮ್ಯಾನೇಜರುಗಳು. ‘ಕಾನ್ಫಿಗರೇಶನ್ ದೋಷ’ ಎಂದು ಬರೆಯುವ ಮುನ್ನ ಅವರು ಕೇಳಬೇಕಾದ ಪ್ರಶ್ನೆ ಒಂದೇ: ಈ ಸೆಟ್ಟಿಂಗು ಬೇಕೆಂದು ರಾತ್ರಿ ಪಾಳಿಯವರಿಗೆ ಯಾರು, ಯಾವಾಗ, ಎಲ್ಲಿ ಬರೆದು ಕೊಟ್ಟಿದ್ದರು? ಅದಕ್ಕೆ ಉತ್ತರವಿಲ್ಲದಿದ್ದರೆ ಆ ಕಾಲಮಿನಲ್ಲಿ ಬರಬೇಕಾದದ್ದು ಬರೆದವರ ತಂಡದ ಹೆಸರು.