ಹಳಿ ಒರೆಸುವ ಕೈ

ಕಳೆದ ಮಾಘದಲ್ಲಿ ಬ್ಯಾಡಗಿಯ ಮಗಳ ಮನೆಗೆ ಹೋಗಿದ್ದೆ. ಪೇಟೆಗೆ ಮೆಣಸಿನಕಾಯಿ ಬರುವ ಕಾಲ. ಊರಿನ ಗಾಳಿಯೇ ಸೀನು ತರಿಸುತ್ತಿತ್ತು. ಮೊಮ್ಮಗನು ನಡುಮನೆಯಲ್ಲಿ ಹಾಸಿದ್ದ ಆಟದ ರೈಲು ಮೂರು ಮೊಳ ಓಡಿ ನಿಂತುಬಿಡುತ್ತಿತ್ತು. "ಅಜ್ಜಾ, ಇಂಜಿನ್ ಕೆಟ್ಟೈತಿ" ಎಂದು ಅವನ ದೂರು.

ಕೆಟ್ಟದ್ದು ಇಂಜಿನ್ನಲ್ಲ, ಹಳಿ. ಆ ಪುಟ್ಟ ರೈಲಿನ ಎರಡು ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್, ನಮ್ಮೂರಿನ ರೈಲಿನದು 1676. ಪುಟ್ಟ ಇಂಜಿನ್ನಿಗೆ ವಿದ್ಯುತ್ತು ಹಳಿಯಿಂದ ಗಾಲಿಯ ಮೂಲಕವೇ ಬರಬೇಕು. ಧೂಳು, ಎಣ್ಣೆಯ ಪಸೆ, ಗಾಲಿಯಡಿಯ ಸಣ್ಣ ಕಿಡಿಗಳಿಂದ ಹುಟ್ಟುವ ಕರಿಯ ಪದರ ಇವು ಅಡ್ಡ ಬಂದರೆ ಪ್ರವಾಹ ಕಡಿಯುತ್ತದೆ. ನಾನು ಉತ್ಸಾಹದಿಂದ ಉಸುಕಿನ ಕಾಗದ ಹಿಡಿದು ತಿಕ್ಕಿದೆ. ಹಳಿ ಥಳಥಳಿಸಿತು, ಆದರೆ ನಾಲ್ಕೇ ದಿನಗಳಲ್ಲಿ ಮೊದಲಿಗಿಂತ ಹೆಚ್ಚು ಕಪ್ಪಾಯಿತು. ನಾನೇ ಎಳೆದ ಗೀರುಗಳಲ್ಲಿ ಕೊಳೆ ಮನೆಮಾಡಿತ್ತು. ಬಲ್ಲವರನ್ನು ಕೇಳಿ, ವಿದ್ಯುತ್ತು ತೆಗೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಹಳಿಯನ್ನೂ ಗಾಲಿಯನ್ನೂ ಒರೆಸಿ ಆರಿಸಿದ ಮೇಲೆ ಗಾಡಿ ಓಡಿತು.

ಹಾವೇರಿಗೆ ಮರಳುವಾಗ ದೊಡ್ಡ ಹಳಿಯ ಯೋಚನೆ ಬಂತು. ಅದರ ನೆತ್ತಿಯನ್ನು ಗಾಡಿಯ ಭಾರವೇ ಉಜ್ಜಿ ಬೆಳಗುತ್ತದೆ. ಅದರ ಕೊಳೆಯಿರುವುದು ಕೆಳಗೆ, ಜಲ್ಲಿಯಲ್ಲಿ. ಜಲ್ಲಿಯ ಸಂದುಗಳಿಂದ ಮಳೆಯ ನೀರು ಬಸಿದುಹೋಗಬೇಕು. ಅಲ್ಲಿ ಮಣ್ಣು ತುಂಬಿದರೆ ನೀರು ನಿಲ್ಲುತ್ತದೆ, ಸ್ಲೀಪರು ಅಲುಗುತ್ತದೆ, ಹಳಿಯ ಮಟ್ಟ ತಪ್ಪುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಮಣ್ಣಿನ ನಾಡಿನಲ್ಲಿ ಈ ಚಿಂತೆ ಇಮ್ಮಡಿ. ಜಲ್ಲಿಯನ್ನು ಜರಡಿಯಾಡಲು, ಒತ್ತಿ ಕೂರಿಸಲು ಇಂದು ಯಂತ್ರಗಳಿವೆ, ನಿಜ. ಆದರೂ ಸುತ್ತಿಗೆ, ಸ್ಪ್ಯಾನರು ಹೊತ್ತು ಹಳಿಗುಂಟ ನಡೆದು, ಸಡಿಲಾದ ಕ್ಲಿಪ್ಪನ್ನು ಬಡಿದು ಕೂರಿಸುವ ಕೀಮ್ಯಾನನ ಕೆಲಸ ಇನ್ನೂ ಮುಗಿದಿಲ್ಲ. ಬೆನ್ನ ಹಿಂದಿನಿಂದ ಬಂದ ಗಾಡಿಗೆ ಸಿಕ್ಕಿ ಇಂಥವರು ಕೆಲಸದಲ್ಲೇ ಪ್ರಾಣ ಬಿಟ್ಟ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಾಗಿ ಬಂದು ಮರೆಯಾಗುತ್ತದೆ.

ಹೊಸ ಗಾಡಿಗೆ ಹಾರ ಹಾಕಿ ಹಸಿರು ಬಾವುಟ ಬೀಸುವ ನಾವು ಹಳಿ ಕಾಯುವವನ ಹೆಸರು ಕೇಳಿದವರಲ್ಲ. ಅಷ್ಟೇ ಅಲ್ಲ, ರಾಣೇಬೆನ್ನೂರಿನಲ್ಲಿ ಕೊಂಡ ನೀರಿನ ಬಾಟಲಿಯನ್ನು ಹಾವೇರಿ ಮುಟ್ಟುವ ಮೊದಲೇ ಅವನು ನಡೆಯುವ ದಾರಿಗೆ ಎಸೆಯುತ್ತೇವೆ. ಕಟ್ಟುವುದು ಒಂದು ದಿನದ ಹಬ್ಬ. ಕಾಪಾಡುವುದು ನಿತ್ಯದ ವ್ರತ. ಹಬ್ಬಕ್ಕೆ ಹಣ ಹುಟ್ಟುವ ದೇಶದಲ್ಲಿ ವ್ರತ ಹಿಡಿದವನ ಜೀವಕ್ಕೂ ಬೆಲೆ ಬರಬೇಕು. ಗಾಡಿಯ ಬರವನ್ನು ಮೊದಲೇ ಸಾರುವ ಸಾಧನ, ಜೊತೆಗೊಬ್ಬ ಕಾವಲಿನವ: ಹಳಿಗಿಳಿಯುವ ಪ್ರತಿಯೊಬ್ಬನಿಗೂ ಇವೆರಡು ದೊರೆಯಲೇಬೇಕೆಂಬುದು ನನ್ನ ಮತ.

ಉಪಾಧ್ಯಾಯ ಮಿತ್ರರಲ್ಲಿಯೂ ಒಂದು ಬಿನ್ನಹ. ಮಕ್ಕಳಿಂದ ಮಾದರಿಗಳನ್ನು ಮಾಡಿಸುತ್ತೀರಿ. ಪ್ರದರ್ಶನ ಮುಗಿದ ಮೇಲೆ ಅವುಗಳ ಧೂಳು ಒರೆಸುವುದಕ್ಕೂ ಒಂದಷ್ಟು ಅಂಕವಿರಲಿ. ನನ್ನ ಮೊಮ್ಮಗ ಈಗ ಬಟ್ಟೆ ಹಿಡಿಯದೆ ಗಾಡಿ ಬಿಡುವುದಿಲ್ಲವಂತೆ.