ಹೆಸರು ಓದುವಂತಿರಲಿ

ಸರ್ಟಿಫಿಕೇಟು ಎಂದರೆ ‘ಓಲ್ಡ್ ಇಂಗ್ಲಿಷ್’ ಅಕ್ಷರ ಇರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆ ದಪ್ಪ, ಮೊನಚು ಅಕ್ಷರಗಳ ಮನೆತನಕ್ಕೆ ಬ್ಲ್ಯಾಕ್‌ಲೆಟರ್ ಎಂದು ಹೆಸರು. ನನಗೂ ಅವು ಇಷ್ಟವೇ. ಆದರೆ ಅವುಗಳ ಬಳಕೆಗೆ ಒಂದು ಮಿತಿ ಬೇಕು ಎಂಬುದು ನನ್ನ ವಾದ.

ಯುರೋಪಿನ ಲಿಪಿಕಾರರು ಅಗಲ ಮೊನೆಯ ಲೇಖನಿಯಿಂದ ಬರೆಯುತ್ತಿದ್ದ ಅಕ್ಷರಗಳಿವು. 1455ರ ಸುಮಾರಿಗೆ ಗುಟೆನ್‌ಬರ್ಗ್ ಬೈಬಲ್ ಮುದ್ರಿಸಿದ್ದು ಇವುಗಳಲ್ಲೇ. ಅಂದಿನ ಓದುಗರಿಗೆ ಅವು ರೂಢಿಯಾಗಿದ್ದವು, ನಮಗಲ್ಲ. ಜರ್ಮನಿಯ ಫ್ರಾಕ್ಟೂರ್ ಶೈಲಿಯಲ್ಲಿ ದೊಡ್ಡಕ್ಷರದ ‘ಎ’ ಮತ್ತು ‘ಯು’ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಉಮರ್ ಅಮರ್ ಆಗಲು ಇನ್ನೇನು ಬೇಕು? ಇಡೀ ಹೆಸರನ್ನೇ ದೊಡ್ಡಕ್ಷರಗಳಲ್ಲಿ ಹಾಕಿಸಿದರಂತೂ ಅದು ಜಾಲಿಯ ಬೇಲಿ.

ಈ ತೊಂದರೆ ಕನ್ನಡಕ್ಕೂ ಉಂಟು. ‘ಪ’ ಮತ್ತು ‘ಫ’, ‘ದ’ ಮತ್ತು ‘ಧ’ – ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು. ಫ್ಲೆಕ್ಸಿನ ದಪ್ಪ ಅಕ್ಷರಕ್ಕೆ ನೆರಳನ್ನೂ ಕೊಟ್ಟರೆ ಆ ಗೀಟು ಮುಚ್ಚಿಹೋಗುತ್ತದೆ. ಫಾತಿಮಾ ಪಾತಿಮಾ ಆಗುತ್ತಾಳೆ, ಧನ ದನವಾಗುತ್ತದೆ.

ಯಾವ ಕೆಲಸಕ್ಕೆ ಯಾವ ಅಕ್ಷರ ಎಂಬ ವಿವೇಕ ನಮಗೆ ಹೊಸದೇನಲ್ಲ. ಉರ್ದು ಪತ್ರಿಕೆ, ಗಜಲ್‌ಗಳು ಇಳಿಜಾರಿನ ನಸ್ತಾಲೀಖ್‌ನಲ್ಲಿ ಅಚ್ಚಾಗುತ್ತವೆ. ಒಂದು ಜೇರ್-ಜಬರ್ ಕೂಡ ತಪ್ಪಬಾರದ ಕುರಾನ್ ಪ್ರತಿಗಳಿಗೆ ಮಾತ್ರ ಬಿಡಿಬಿಡಿಯಾದ ನಸ್ಖ್ ಶೈಲಿ. ಬ್ಲ್ಯಾಕ್‌ಲೆಟರ್ ಓದಿಯೇ ಬೆಳೆದ ಜರ್ಮನ್ ನಾಡಿನಿಂದ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದಾಗ, ಕನ್ನಡಿಗರಿಗೆ ಕೊಟ್ಟಿದ್ದು ಕನ್ನಡದ ದುಂಡು ಅಕ್ಷರಗಳನ್ನೇ.

“ಸರಳ ಅಕ್ಷರಕ್ಕೆ ಗತ್ತು ಇಲ್ಲ” ಎನ್ನುವವರಿದ್ದಾರೆ. ಗತ್ತು ಬೇಕಿದ್ದರೆ ಮೇಲ್ಭಾಗದಲ್ಲಿ ಕಾಲೇಜಿನ ಹೆಸರಿಗೆ ಬ್ಲ್ಯಾಕ್‌ಲೆಟರ್ ಇರಲಿ. ಅದನ್ನು ಯಾರೂ ಅಕ್ಷರ ಕೂಡಿಸಿ ಓದುವುದಿಲ್ಲ, ನೋಡಿದೊಡನೆ ಗುರುತಿಸುತ್ತಾರೆ. ವಿದ್ಯಾರ್ಥಿಯ ಹೆಸರು ಹಾಗಲ್ಲ. ನಾಳೆ ಈ ಇಟ್ಟಿಗಿ ಬಿಟ್ಟು ಡಿಗ್ರಿಗೋ ಕೆಲಸಕ್ಕೋ ಹೋದಾಗ, ಮೇಜಿನ ಆಚೆ ಕುಳಿತವರಿಗೆ ನಮ್ಮ ಮುಖವೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಅವರಿಗೆ ಸಿಗುವುದು ಆ ಹಾಳೆ ಮಾತ್ರ.

ಆದ್ದರಿಂದ ನಮ್ಮ ಗುರುಗಳಲ್ಲಿ ಮತ್ತು ವಾರ್ಷಿಕೋತ್ಸವ ಸಮಿತಿಯ ಗೆಳೆಯರಲ್ಲಿ ಒಂದು ವಿನಂತಿ: ಅಚ್ಚಿಗೆ ಕಳಿಸುವ ಮುಂಚೆ ಪ್ರೂಫನ್ನು ನಮ್ಮನ್ನು ಅರಿಯದ ಒಬ್ಬರ ಕೈಗೆ ಕೊಡಿ. ಪ್ರತಿ ಹೆಸರನ್ನೂ ಅವರು ತಡವರಿಸದೆ ಓದಿದರೆ ಅಚ್ಚು ಹಾಕಿಸಿ. ಎಲ್ಲಿ ತಡವರಿಸಿದರೋ ಅಲ್ಲಿ ಅಕ್ಷರ ಬದಲಿಸಿ.